ಗೊಂಬೆ ಸಾಲಿಗೆ ಒಂದು ಆಡುವ ಹುಂಜ: ಯಾವ ಕಣ್ಣು, ಯಾವ ಬೋರ್ಡು, ಎಷ್ಟು ಬುದ್ಧಿ?

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಪ್ರತಿ ನವರಾತ್ರಿಗೂ ನಡುಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಎರಡು ವರ್ಷದ ಹಿಂದೆ ಆ ಮೆಟ್ಟಿಲುಗಳ ಪಕ್ಕ ನಾನು ಮಾಡಿದ ಎರಡು ರೋಬಾಟ್ ಗೊಂಬೆಗಳನ್ನೂ ಇಟ್ಟಿದ್ದೆ. ಒಂದು ಮಾತಾಡುವ ಗಿಳಿ. ಅದರೊಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ಮೈಕು, ಸ್ಪೀಕರು. ನೀವು ಕೇಳಿದ್ದನ್ನು ಇಂಟರ್ನೆಟ್ ಮೂಲಕ ದೊಡ್ಡ ಭಾಷಾ ಮಾದರಿಗೆ (ಚಾಟ್‌ಜಿಪಿಟಿ ಥರದ್ದಕ್ಕೆ) ಕಳಿಸಿ, ಉತ್ತರ ತರಿಸಿಕೊಂಡು ಹೇಳುತ್ತಿತ್ತು. ಅದಕ್ಕೆ ಮೂರು ತಿಂಗಳು ಹಿಡಿಯಿತು. ಇನ್ನೊಂದು ಅಡಿಕೆ ಹಾಳೆಯ ಹುಂಜ. ಒಂದೇ ಭಾನುವಾರದಲ್ಲಿ ಮುಗಿಸಿದ್ದು. ಯಾರಾದರೂ ಹತ್ತಿರ ಬಂದರೆ ಕತ್ತು ಓರೆ ಮಾಡಿ ನೋಡುತ್ತದೆ. ತೀರಾ ಹತ್ತಿರ ಬಂದರೆ ಥಟ್ಟನೆ ಹಿಂದಕ್ಕೆ ಬಾಗುತ್ತದೆ. ಅಷ್ಟೇ.

ಸಂಜೆ ಬೀದಿಯ ಮಕ್ಕಳೆಲ್ಲ ಬಂದರು. ಒಬ್ಬ ಹುಡುಗಿ ಗಿಳಿಯನ್ನು "ನಿನ್ನ ಹೆಸರೇನು?" ಅಂತ ಕೇಳಿದಳು. ಆರೇಳು ಸೆಕೆಂಡು ಗಿಳಿ ಸುಮ್ಮನಿತ್ತು. ಅದು ಬಾಯಿ ಬಿಡುವಷ್ಟರಲ್ಲಿ ಹುಡುಗಿ ಚರಪು ಇಸಿದುಕೊಂಡು ಹುಂಜದ ಮುಂದೆ ಕೂತಾಗಿತ್ತು. ಅವತ್ತು ರಾತ್ರಿ ಒಂಬತ್ತರವರೆಗೂ ಹುಂಜದ ಮುಂದಿನ ಗುಂಪು ಕರಗಲಿಲ್ಲ. ಕೈ ಚಾಚುವುದು, ಹುಂಜ ಬೆಚ್ಚಿದ ಕೂಡಲೇ ಕಿರುಚುವುದು, ಮತ್ತೆ ಮೆಲ್ಲಗೆ ಚಾಚುವುದು. ಇದೇ ಆಟ.

ಅವತ್ತಿನಿಂದ ಯಾರೇ ನನ್ನ ಹತ್ತಿರ "ಎಐ ಹಾಕಿ ಒಂದು ರೋಬಾಟ್ ಗೊಂಬೆ ಮಾಡಬೇಕು, ಯಾವ ಬೋರ್ಡು ತರಲಿ?" ಅಂತ ಕೇಳಿದರೂ ನಾನು ಬೋರ್ಡಿನ, ಅಂದರೆ ಗೊಂಬೆಯನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆಯ, ಮಾತು ಎತ್ತುವುದಿಲ್ಲ. ಮೊದಲು ಒಂದು ಸಾಲು ಬರೆಸುತ್ತೇನೆ. ಎದುರಿಗೆ ನಿಂತವರು ಏನು ಮಾಡುತ್ತಾರೆ? ಗೊಂಬೆ ಅದಕ್ಕೆ ಏನು ಮಾಡುತ್ತದೆ? ಎಷ್ಟು ಬೇಗ? "ಕೈ ಬೀಸಿದರೆ ತಕ್ಷಣ ರೆಕ್ಕೆ ಬಡಿಯುತ್ತದೆ." "ಚಪ್ಪಾಳೆ ತಟ್ಟಿದರೆ ತಲೆ ಅಡಗಿಸಿಕೊಳ್ಳುತ್ತದೆ." ಈ ಒಂದು ಸಾಲು ಸರಿಯಾಗಿ ಬಂದರೆ ಮುಂದಿನ ಆಯ್ಕೆಗಳು ಅರ್ಧ ತಾವಾಗಿಯೇ ಆಗುತ್ತವೆ.

ಇದು ಹೊಸ ತಿಳಿವಳಿಕೆ ಏನಲ್ಲ. ಗ್ರೇ ವಾಲ್ಟರ್ ಅನ್ನುವ ವಿಜ್ಞಾನಿ 1948–49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆಮೆಯಂಥ ಎರಡು ಯಂತ್ರ ಮಾಡಿದ್ದರು. ಒಂದೊಂದರ ಮಿದುಳು ಅಂದರೆ ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಎರಡೇ ವಾಲ್ವು. ಬೆಳಕು ಕಾಣುವ ಒಂದು ಕಣ್ಣು, ತಾಗಿದ್ದು ಗೊತ್ತಾಗುವ ಒಂದು ಚಿಪ್ಪು. ಅಷ್ಟರಲ್ಲೇ ಅವು ಬೆಳಕಿನ ಕಡೆ ಹೋಗುತ್ತಿದ್ದವು, ಎಡವಿದರೆ ದಾರಿ ಬದಲಿಸುತ್ತಿದ್ದವು. ನೋಡಿದವರಿಗೆ ಜೀವ ಇರುವ ಹಾಗೆ ಕಾಣುತ್ತಿತ್ತು. 1970ರಲ್ಲಿ ಎಡ್ವರ್ಡ್ ಇಹ್ನಾಟೋವಿಚ್ ಅನ್ನುವ ಕಲಾವಿದ ಫಿಲಿಪ್ಸ್ ಕಂಪನಿಗಾಗಿ ನೆದರ್‌ಲ್ಯಾಂಡಿನಲ್ಲಿ 'ಸೆನ್‌ಸ್ಟರ್' ಅನ್ನುವ ದೈತ್ಯ ಯಂತ್ರ ನಿಲ್ಲಿಸಿದರು. ಮೆಲ್ಲಗೆ ಮಾತಾಡಿದರೆ ಅದು ತಲೆ ಬಗ್ಗಿಸಿ ಹತ್ತಿರ ಬರುತ್ತಿತ್ತು. ಗದ್ದಲ ಮಾಡಿದರೆ ಹಿಂದೆ ಸರಿಯುತ್ತಿತ್ತು. ನಿಯಮ ಇಷ್ಟೇ. ನನ್ನ ಹುಂಜ ಇದೇ ವಂಶದ ಬಹಳ ಚಿಕ್ಕ ಕುಡಿ.

ಯಾವ ಕಣ್ಣು?

ಬೋರ್ಡಿಗಿಂತ ಮೊದಲು ಕಣ್ಣು, ಅಂದರೆ ಎದುರಿನವರನ್ನು ಗುರುತಿಸುವ ಸೆನ್ಸರ್, ಆರಿಸಿ. ಯಾಕಂದರೆ ಎದುರಿನವರು ಆಡುವುದು ಕಣ್ಣಿನ ಜೊತೆ.

ತುಂಬ ಅಗ್ಗದ್ದು ಪಿಐಆರ್ ಸೆನ್ಸರ್. ಮೆಟ್ಟಿಲ ದೀಪ ತಾನಾಗಿ ಹೊತ್ತಿಕೊಳ್ಳುತ್ತದಲ್ಲ, ಅದರೊಳಗೆ ಇರುವುದು ಇದೇ. ಬಿಸಿ ಮೈ ಕದಲಿದರೆ ಗೊತ್ತಾಗುತ್ತದೆ. ಆದರೆ ಅದು ಹೇಳುವುದು "ಯಾರೋ ಬಂದರು" ಅಂತ ಮಾತ್ರ. ಎಷ್ಟು ದೂರ, ಯಾವ ಕಡೆ, ಏನೂ ಇಲ್ಲ. ಸುಮ್ನೆ ನಿಂತುಬಿಟ್ಟರೆ ಮರೆತೇಬಿಡುತ್ತದೆ. ಮಲಗಿದ ಗೊಂಬೆಯನ್ನು ಎಬ್ಬಿಸಲು ಒಳ್ಳೆಯದು, ಆಟಕ್ಕೆ ಸಾಲದು.

ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಎಚ್‌ಸಿ-ಎಸ್‌ಆರ್04, ದೂರ ಅಳೆಯುತ್ತದೆ. 2 ಸೆಂಟಿಮೀಟರ್‌ನಿಂದ ಸುಮಾರು 4 ಮೀಟರ್‌ವರೆಗೆ. ನನ್ನ ಹುಂಜಕ್ಕೆ ಹಾಕಿದ್ದು ಇದನ್ನೇ. ದೂರ ಗೊತ್ತಾದರೆ ಹೆದರಿಕೆ, ಕುತೂಹಲ ಎರಡನ್ನೂ ಆಡಿಸಬಹುದು. ಮೊದಲ ಗೊಂಬೆಗೆ ನನ್ನ ಆಯ್ಕೆ ಯಾವಾಗಲೂ ಇದೇ. ಒಂದು ಕೊರತೆ ಅಂದರೆ ನೇರ ಎದುರಿನ ಒಂದು ಕಿರಿದಾದ ಪಟ್ಟಿ ಮಾತ್ರ ಅದಕ್ಕೆ ಕಾಣುತ್ತದೆ. ಪಕ್ಕದಲ್ಲಿ ನಿಂತವರು ಅದರ ಲೆಕ್ಕಕ್ಕೇ ಇಲ್ಲ. ಇನ್ನೊಂದು ತೊಡಕು, ಎರಡು ದೊಡ್ಡ ಕಣ್ಣುಗಳು ಹೊರಗೆ ಕಾಣುತ್ತವೆ. ಹುಂಜಕ್ಕೆ ನಾನು ಅವನ್ನು ಎದೆಯ ಗರಿಗಳ ನಡುವೆ ಕೂರಿಸಿದೆ.

ಹೊರಗೆ ಏನೂ ಕಾಣಬಾರದು ಅಂದರೆ ಆರ್‌ಸಿಡಬ್ಲ್ಯುಎಲ್-0516 ಅನ್ನುವ ಪುಟ್ಟ ರೇಡಾರ್ ಹಲಗೆ ಇದೆ. ರಟ್ಟು, ಅಡಿಕೆ ಹಾಳೆ, ತೆಳು ಮರದ ಹಲಗೆ, ಇವುಗಳ ಆಚೆಗೂ ಚಲನೆ ಕಾಣುತ್ತದೆ. ಗೊಂಬೆಯ ಹೊಟ್ಟೆಯೊಳಗೆ ಬಚ್ಚಿಟ್ಟರೆ ತೂತು ಕೊರೆಯುವ ಕೆಲಸವೇ ಇಲ್ಲ. ಇದೂ ದೂರ ಹೇಳುವುದಿಲ್ಲ.

ಕ್ಯಾಮೆರಾ ಬೇಕಾಗುವುದು ಗೊಂಬೆ 'ಏನು' ಅನ್ನುವುದನ್ನು ಗುರುತಿಸಬೇಕಾದಾಗ. ಕೈ ಬೀಸಿದರೋ, ಕೈ ಮುಗಿದರೋ? ಮಗುವಿನ ಕೈಯಲ್ಲಿ ಚಕ್ಕುಲಿ ಇದೆಯೋ, ಖಾಲಿಯೋ? ಇಂಥ ಪ್ರಶ್ನೆ ನಿಮ್ಮ ಆ ಒಂದು ಸಾಲಿನಲ್ಲಿ ಇಲ್ಲದಿದ್ದರೆ ಕ್ಯಾಮೆರಾ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲಾಗುತ್ತದೆ. ಆಗ ಕ್ಯಾಮೆರಾ ತಡವರಿಸುತ್ತದೆ. ಅಲ್ಟ್ರಾಸಾನಿಕ್‌ಗೆ ಹಗಲು ರಾತ್ರಿ ಎರಡೂ ಒಂದೇ.

ಎಷ್ಟು ಬುದ್ಧಿ?

ಎಐ ಅಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಮಾತಾಡುವ ಯಂತ್ರ. ಹವ್ಯಾಸಕ್ಕೆ ಗೊಂಬೆ ಮಾಡುವವರಿಗೆ ಅದಕ್ಕಿಂತ ಹತ್ತಿರದ ದಾರಿಗಳಿವೆ.

ನಾನು ಮೊದಲು ತೋರಿಸುವುದು ಗೂಗಲ್‌ನ ಟೀಚಬಲ್ ಮಷೀನ್. 2017ರಲ್ಲಿ ಬಂತು, 2019ರಲ್ಲಿ ಈಗಿನ ರೂಪ ಪಡೆಯಿತು. ಬ್ರೌಸರ್‌ನಲ್ಲೇ ನಡೆಯುತ್ತದೆ, ಪುಕ್ಕಟೆ, ಪ್ರೋಗ್ರಾಂ ಬರೆಯುವ ಅಗತ್ಯ ಇಲ್ಲ. "ಇದು ಕೈ ಮುಗಿದದ್ದು" ಅಂತ ಕೆಲವು ಹತ್ತು ಚಿತ್ರ, "ಇದು ಕೈ ಬೀಸಿದ್ದು" ಅಂತ ಅಷ್ಟೇ ಚಿತ್ರ ತೋರಿಸಿದರೆ ಸಾಕು. ಅಷ್ಟು ಕಡಿಮೆ ಚಿತ್ರ ಸಾಲುವುದು ಹೇಗೆ ಅಂದರೆ, ಒಳಗೆ ಮೊದಲೇ ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತಿರುವ ಮೊಬೈಲ್‌ನೆಟ್ ಅನ್ನುವ ಮಾದರಿ ಇದೆ. ನೀವು ಕಲಿಸುವುದು ಕೊನೆಯ ಪಾಠ ಮಾತ್ರ. ಚಿತ್ರಗಳು ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತವೆ. ನೀವಾಗಿ ಗೂಗಲ್ ಡ್ರೈವ್‌ನಲ್ಲಿ ಉಳಿಸದಿದ್ದರೆ ಆಚೆ ಹೋಗುವುದಿಲ್ಲ. ಬೇರೆಯವರ ಮಕ್ಕಳು ಎದುರು ನಿಲ್ಲುವಾಗ ಇದು ನನಗೆ ತುಂಬ ಮುಖ್ಯ.

ಇಲ್ಲಿ ಎರಡು ತಪ್ಪನ್ನು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಮೊದಲನೆಯದು, ಬೆಳಿಗ್ಗೆ ಕಿಟಕಿ ಪಕ್ಕ ಕೂತು ಕಲಿಸಿದೆ. ಸಂಜೆ ಸೀರಿಯಲ್ ಸೆಟ್ ಮಿಣುಕುವ ಬೆಳಕಿನಲ್ಲಿ ಅದು ಒಂದನ್ನೂ ಗುರುತಿಸಲಿಲ್ಲ. ಗೊಂಬೆ ಎಲ್ಲಿ ಕೂರುತ್ತದೋ ಅಲ್ಲೇ, ಅದೇ ಹೊತ್ತಿನಲ್ಲಿ ಕಲಿಸಬೇಕು. ಎರಡನೆಯದು, 'ಖಾಲಿ' ಅನ್ನುವ ಗುಂಪು ಕೊಡಲಿಲ್ಲ. ಎದುರು ಯಾರೂ ಇಲ್ಲದಿದ್ದರೂ ಅದು ಎರಡರಲ್ಲಿ ಒಂದನ್ನು ಹೇಳಲೇಬೇಕು, ಅಲ್ವಾ? ಹಾಗಾಗಿ ಖಾಲಿ ಗೋಡೆಗೆ ರಾತ್ರಿಯಿಡೀ ನಮಸ್ಕಾರ ಮಾಡುತ್ತಿತ್ತು.

ಕೈಯ ಹಿಂದೆಯೇ ಗೊಂಬೆಯ ತಲೆ ಹೋಗಬೇಕು, ಬೆರಳು ಮಡಿಸಿದರೆ ಕೊಕ್ಕು ಮುಚ್ಚಬೇಕು ಅಂದರೆ ಟೀಚಬಲ್ ಮಷೀನ್ ಬೇಡ, ಮೀಡಿಯಾಪೈಪ್ ತೆಗೆದುಕೊಳ್ಳಿ. ಅದು ಒಂದು ಕೈಯಲ್ಲಿ 21 ಬಿಂದುಗಳನ್ನು, ಇಡೀ ಮೈಯಲ್ಲಿ 33 ಬಿಂದುಗಳನ್ನು ಬೆನ್ನುಹತ್ತುತ್ತದೆ. ನೀವು ಏನೂ ಕಲಿಸಬೇಕಿಲ್ಲ. ಆದರೆ ಸ್ವಲ್ಪ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಬರಬೇಕು. ಸೂತ್ರದ ಗೊಂಬೆಯನ್ನು ಸೂತ್ರವೇ ಇಲ್ಲದೆ ಆಡಿಸಿದ ಹಾಗಿರುತ್ತದೆ ಇದು. ಮಕ್ಕಳಿಗಿಂತ ದೊಡ್ಡವರೇ ಇದನ್ನು ಬಿಟ್ಟು ಏಳುವುದಿಲ್ಲ.

ಇನ್ನು ಮಾತು. ನಮ್ಮ ಪ್ರಶ್ನೆ ಕನ್ನಡದ್ದು. ಮಾತನ್ನು ಅಕ್ಷರಕ್ಕೆ ಇಳಿಸುವ ವಿಸ್ಪರ್ ಥರದ ಮಾದರಿಗಳಿಗೆ ಕನ್ನಡ ಬರುತ್ತದೆ. ಆದರೆ ಪೈಯಂಥ ಸಣ್ಣ ಕಂಪ್ಯೂಟರ್‌ನಲ್ಲಿ ಓಡುವ ಚಿಕ್ಕ ಮಾದರಿಗಳು ಕನ್ನಡದಲ್ಲಿ ತಪ್ಪು ಜಾಸ್ತಿ ಮಾಡುತ್ತವೆ. ದೊಡ್ಡದಕ್ಕೆ ಇಂಟರ್ನೆಟ್ ಬೇಕು. ಊರೊಳಗೆ ಪರವಾಗಿಲ್ಲ. ಎಸ್ಟೇಟ್ ಕಡೆ ಹೋದರೆ ಒಂದೊಂದು ತಿರುವಿಗೆ ಒಂದೊಂದು ಥರ ಸಿಗ್ನಲ್. ಗೊಂಬೆ ಅದನ್ನು ನಂಬಿ ಬದುಕುವುದು ಕಷ್ಟ.

ಇದಕ್ಕೆ ಬದಲು ಟೀಚಬಲ್ ಮಷೀನ್‌ನ ಧ್ವನಿ ಭಾಗ ನೋಡಿ. ಅದು ಒಂದೊಂದು ಸೆಕೆಂಡಿನ ತುಣುಕಾಗಿ ಕಲಿಯುತ್ತದೆ. ಮೊದಲು ಕೋಣೆಯ ಸದ್ದು, ಆಮೇಲೆ ನಿಮ್ಮ ಪದಗಳು. ಅದಕ್ಕೆ ಭಾಷೆಯೇ ಗೊತ್ತಿಲ್ಲ, ಸದ್ದಿನ ಆಕಾರ ಮಾತ್ರ ಗೊತ್ತು. ಹಾಗಾಗಿ "ಬಾ", "ಹೋಗು", ಸಿಳ್ಳೆ, ಚಪ್ಪಾಳೆ, "ಬ್ಬ ಬ್ಬ ಬ್ಬ" ಅಂತ ಕೋಳಿ ಕರೆಯುವ ಸದ್ದು, ಎಲ್ಲವನ್ನೂ ಒಂದೇ ಪ್ರೀತಿಯಿಂದ ಕಲಿಯುತ್ತದೆ. ನಾಲ್ಕು ಪದ ಗೊತ್ತಿರುವ, ತಕ್ಷಣ ತಿರುಗುವ ಹುಂಜ, ನಲವತ್ತು ಸಾವಿರ ಪದ ಗೊತ್ತಿದ್ದು ಆರು ಸೆಕೆಂಡು ಯೋಚಿಸುವ ಗಿಳಿಗಿಂತ ಮೇಲು.

ಆದರೂ ಮಾತಾಡುವ ಗಿಳಿಯೇ ಬೇಕು ಅನ್ನುವವರಿಗೆ ದಾರಿ ಇದೆ. ಗೊಂಬೆಗೆ ಎರಡು ಮಿದುಳು ಕೊಡಿ. ಒಂದು ಚುರುಕು, ಇನ್ನೊಂದು ನಿಧಾನ. ಮಾತು ಕೇಳಿದ ಕೂಡಲೇ ಚುರುಕು ಮಿದುಳು ಕತ್ತು ಓರೆ ಮಾಡಿಸಲಿ, ಎರಡು ಸಲ ಕಣ್ಣು ಮಿಟುಕಿಸಲಿ, ರೆಕ್ಕೆ ಕೆರೆಸಲಿ. ಅಷ್ಟು ಹೊತ್ತಿಗೆ ನಿಧಾನದ ಮಿದುಳು ಉತ್ತರ ತರುತ್ತದೆ. ಹೋದ ವರ್ಷ ಗಿಳಿಗೆ ಹೀಗೆ ಮಾಡಿದೆ. ಉತ್ತರಕ್ಕೆ ಹಿಡಿದ ಸಮಯ ಒಂದು ಚೂರೂ ಕಡಿಮೆ ಆಗಲಿಲ್ಲ. ಆದರೆ ಮಕ್ಕಳು ಕಾದರು. "ಯೋಚನೆ ಮಾಡ್ತಿದೆ, ಸುಮ್ನಿರೋ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿ ನನಗೆ ತುಂಬ ಖುಷಿಯಾಯಿತು.

ಯಾವ ಬೋರ್ಡು?

ಈಗ ಬೋರ್ಡು. ಆರ್ಡುಯಿನೊ ಊನೊದಲ್ಲಿ (ಹಳೆಯ, ಎಲ್ಲ ಕಡೆ ಸಿಗುವ ಮಾದರಿ) ಇರುವ ರ‍್ಯಾಮ್ 2 ಕಿಲೋಬೈಟ್. ಕ್ಯಾಮೆರಾ, ಎಐ ಎರಡೂ ಅದರಿಂದ ಆಗದು. ಆದರೆ ವೈರ್ ತಪ್ಪಾಗಿ ಹಾಕಿದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಶುರು. ಹುಂಜಕ್ಕೆ ಇದೇ ಸಾಕಾಯಿತು.

ಇಎಸ್‌ಪಿ32 ಹೆಚ್ಚು ಕಡಿಮೆ ಅಷ್ಟೇ ದುಡ್ಡಿಗೆ ಬರುತ್ತದೆ. 240 ಮೆಗಾಹರ್ಟ್ಸ್, 520 ಕಿಲೋಬೈಟ್ ರ‍್ಯಾಮ್, ವೈಫೈ, ಬ್ಲೂಟೂತ್ ಎಲ್ಲ ಒಳಗೇ ಇವೆ. ಸಣ್ಣ ಧ್ವನಿ ಮಾದರಿಗಳು ಇದರ ಮೇಲೇ ಓಡುತ್ತವೆ. ಎಡ್ಜ್ ಇಂಪಲ್ಸ್ ಅನ್ನುವ ಜಾಲತಾಣ ಬಳಸಿ ಅಂಥದ್ದನ್ನು ತಯಾರು ಮಾಡಬಹುದು. ಒಂದು ಎಚ್ಚರಿಕೆ: ಇದರ ಕಾಲುಗಳು (ತಂತಿ ಜೋಡಿಸುವ ಪಿನ್‌ಗಳು) 3.3 ವೋಲ್ಟಿನವು. ಅಲ್ಟ್ರಾಸಾನಿಕ್ ಸೆನ್ಸರ್ ಎಕೋ ಕಾಲಿನಿಂದ 5 ವೋಲ್ಟ್ ಕೊಡುತ್ತದೆ. ನಡುವೆ 1 ಕಿಲೋ ಓಮ್, 2 ಕಿಲೋ ಓಮ್ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. ನಾನು ಹಾಕದೆ ಒಂದು ಬೋರ್ಡು ಕಳೆದುಕೊಂಡೆ. ಕ್ಯಾಮೆರಾ ಸೇರಿದ ಇಎಸ್‌ಪಿ32-ಕ್ಯಾಮ್ ನೋಡಲು ಆಸೆ ಹುಟ್ಟಿಸುತ್ತದೆ. ಆದರೆ ಅದರಲ್ಲಿ ಯುಎಸ್‌ಬಿ ಸಾಕೆಟ್ ಇಲ್ಲ, ಪ್ರೋಗ್ರಾಂ ತುಂಬಲು ಬೇರೆ ಅಡಾಪ್ಟರ್ ಬೇಕು, ಕರೆಂಟು ಸ್ವಲ್ಪ ಕುಸಿದರೂ ನಿಂತುಹೋಗುತ್ತದೆ. ಮೊದಲ ಗೊಂಬೆಗೆ ಬೇಡ.

ರಾಸ್ಪ್‌ಬೆರಿ ಪೈ ಪೂರ್ತಿ ಕಂಪ್ಯೂಟರ್. ಬೆಲೆ ಸಾವಿರಗಳಲ್ಲಿ. ಮೀಡಿಯಾಪೈಪ್ ಓಡುತ್ತದೆ, ಸ್ಪೀಕರು, ಕ್ಯಾಮೆರಾ ಎಲ್ಲ ಕೂರುತ್ತವೆ. ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಹಾಕಿ ಅನ್ನುತ್ತಾರೆ. ಮೊಬೈಲ್ ಚಾರ್ಜರ್ ನಂಬಬೇಡಿ. ನಮ್ಮ ಕಡೆ ಇದರ ದೊಡ್ಡ ಶತ್ರು ಕರೆಂಟು ಹೋಗುವುದು. ಪೈ ತನ್ನ ಎಸ್‌ಡಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಥಟ್ಟಂತ ಕರೆಂಟು ಹೋದರೆ ಕಾರ್ಡ್ ಕೆಡಬಹುದು. ನನ್ನ ಗಿಳಿ ಏಳನೇ ದಿನ ಸಂಜೆ ಹೀಗೇ ಮೂಕವಾಯಿತು. ಯುಪಿಎಸ್ ಇರಲಿ, ಜೊತೆಗೆ ಕಾರ್ಡಿನ ಒಂದು ನಕಲು ಡಬ್ಬಿಯಲ್ಲಿ ಇರಲಿ.

ನಾನು ಹೆಚ್ಚಾಗಿ ಹೇಳುವ ಆಯ್ಕೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಕ್ಯಾಮೆರಾ ಇದೆ, ಮೈಕು ಇದೆ, ಕರೆಂಟು ಹೋದರೆ ಬ್ಯಾಟರಿಯೂ ಇದೆ. ಕ್ರೋಮ್ ಬ್ರೌಸರ್ 2021ರಿಂದ ಯುಎಸ್‌ಬಿ ತಂತಿಯ ಮೂಲಕ ಆರ್ಡುಯಿನೊ ಜೊತೆ ನೇರ ಮಾತಾಡುತ್ತದೆ. ಟೀಚಬಲ್ ಮಷೀನ್ "ಕೈ ಮುಗಿದರು" ಅಂದ ಕೂಡಲೇ ಒಂದು ಅಕ್ಷರ ತಂತಿಯಲ್ಲಿ ಹೋಗುತ್ತದೆ, ಊನೊ ಮೋಟಾರು ತಿರುಗಿಸುತ್ತದೆ. ಲ್ಯಾಪ್‌ಟಾಪನ್ನು ಗೊಂಬೆ ಮೆಟ್ಟಿಲ ಹಿಂದೆ ಸೀರೆ ಮರೆಯಲ್ಲಿ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಅದು ಹಿಂದೆ ಇರುವುದರಿಂದ ಕಣ್ಣಿಗೆ ಬೇರೆ ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಮುಂದೆ ಕೂರಿಸಿ. ಹಳೆಯ ಆಂಡ್ರಾಯ್ಡ್ ಫೋನ್ ಇದ್ದರೆ ಅದೂ ಆಗುತ್ತದೆ. ಅದಕ್ಕೆ ಇಎಸ್‌ಪಿ32 ಜೊತೆ ಬ್ಲೂಟೂತ್ ದಾರಿ ಸುಲಭ.

ಕೈಕಾಲು, ಕತ್ತು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಚ್ಚಿನ ಗೊಂಬೆಗಳು ಸೋಲುವುದು ಇಲ್ಲೇ.

ಸರ್ವೊ ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು. ಎಸ್‌ಜಿ90 ಅನ್ನುವ ನೀಲಿ ಸರ್ವೊ 9 ಗ್ರಾಂ ತೂಗುತ್ತದೆ. ಹಾಳೆ, ರಟ್ಟು, ಥರ್ಮಾಕೋಲ್ ತಲೆಗೆ ಸಾಕು. ಒಳಗಿನ ಗೇರಿನ ಹಲ್ಲುಗಳು ಪ್ಲಾಸ್ಟಿಕ್. ಮಕ್ಕಳು ಕತ್ತು ಹಿಡಿದು ತಿರುಗಿಸಿದರೆ ಅವು ಮುರಿಯುತ್ತವೆ. ಮರದ ತಲೆ ಇದ್ದರೆ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿದ್ದರೆ ಎಂಜಿ996ಆರ್ ತೆಗೆದುಕೊಳ್ಳಿ. ಲೋಹದ ಹಲ್ಲು, ಸುಮಾರು 55 ಗ್ರಾಂ, ಹಲವು ಪಟ್ಟು ಬಲ. ಸದ್ದೂ ಜಾಸ್ತಿ, ಕರೆಂಟೂ ಜಾಸ್ತಿ. ತುಂಬ ನಿಧಾನವಾಗಿ ಸುತ್ತುವ ಹೂವು, ಚಂದ್ರ ಇಂಥದ್ದಕ್ಕೆ 28ಬಿವೈಜೆ-48 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು) ಒಳ್ಳೆಯದು. ಗದ್ದೆಯಲ್ಲಿ ತಲೆ ತಿರುಗಿಸುವ ಬೆರ್ಚಪ್ಪ ಮಾಡುವ ಆಸೆ ಇದ್ದರೆ ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನ ವೈಪರ್ ಮೋಟಾರು ಹುಡುಕಿ. 12 ವೋಲ್ಟಿನದು, ಬೇಕಾದಷ್ಟು ಬಲ ಇರುತ್ತದೆ.

ಮೋಟಾರಿಗೆ ಬೋರ್ಡಿನಿಂದ ಕರೆಂಟು ಕೊಡಬೇಡಿ. ಒಂದು ಎಸ್‌ಜಿ90 ಸಿಕ್ಕಿಕೊಂಡು ನಿಂತಾಗ ಸುಮಾರು 650 ಮಿಲಿ ಆಂಪಿಯರ್ ಎಳೆಯುತ್ತದೆ. ಯುಎಸ್‌ಬಿ 2 ಸಾಕೆಟ್ ಕೊಡುವುದು 500. ಗೊಂಬೆ ತಲೆ ತಿರುಗಿಸಿದಾಗಲೆಲ್ಲ ಬೋರ್ಡು ಆರಿ ಹೊತ್ತಿಕೊಳ್ಳುತ್ತಿದ್ದರೆ ಕಾರಣ ಇದೇ. ನಾಲ್ಕು ಸಣ್ಣ ಸರ್ವೊಗಳಿಗೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇರೆ ಇಡಿ. ಬೋರ್ಡು, ಅಡಾಪ್ಟರ್ ಎರಡರ ಗ್ರೌಂಡ್ (ಮೈನಸ್) ತಂತಿಗಳನ್ನು ಮಾತ್ರ ಸೇರಿಸಿ. ಈ ಒಂದು ತಂತಿ ಮರೆತು ನಾನು ಒಂದು ರಾತ್ರಿ ಪೂರ್ತಿ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದ್ದೇನೆ.

ಇಷ್ಟಾದ ಮೇಲೆ ಚಲನೆ. ಸರ್ವೊಗೆ "90 ಡಿಗ್ರಿಗೆ ಹೋಗು" ಅಂದರೆ ಒಂದೇ ಏಟಿಗೆ ಹೋಗಿ ನಿಲ್ಲುತ್ತದೆ. ಯಂತ್ರ ಅಂತ ಆಗಲೇ ಗೊತ್ತಾಗಿಬಿಡುತ್ತದೆ. 20 ಮಿಲಿ ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ, ಮೊದಲು ಮೆಲ್ಲಗೆ, ನಡುವೆ ಬೇಗ, ಕೊನೆಗೆ ಮತ್ತೆ ಮೆಲ್ಲಗೆ ನಡೆಸಿ. ಬೆಚ್ಚಿಬೀಳುವಾಗ ಮಾತ್ರ ಒಂದೇ ಏಟು. ದೂರದ ಲೆಕ್ಕದಲ್ಲೂ ಒಂದು ಸಡಿಲ ಇರಲಿ. ನನ್ನ ಹುಂಜ 60 ಸೆಂಟಿಮೀಟರ್‌ಗೆ ಗಮನ ಕೊಡುತ್ತದೆ, ಆದರೆ 75 ದಾಟಿದ ಮೇಲಷ್ಟೇ ಮರೆಯುತ್ತದೆ. ಎರಡಕ್ಕೂ ಒಂದೇ ಅಂಕಿ ಇಟ್ಟರೆ ಗಡಿಯಲ್ಲಿ ನಿಂತವರ ಮುಂದೆ ಅದು ಚಳಿ ಹಿಡಿದ ಹಾಗೆ ನಡುಗುತ್ತದೆ.

ಸರ್ವೊ ಎರಡೇ ಕೊಳ್ಳುವಷ್ಟು ದುಡ್ಡಿದ್ದರೆ ಎರಡನ್ನೂ ಕತ್ತಿಗೇ ಹಾಕಿ. ಒಂದು ಎಡ ಬಲ ತಿರುಗಿಸಲು, ಇನ್ನೊಂದು ಓರೆ ಮಾಡಲು. ರೆಕ್ಕೆ ಆಮೇಲೆ. ಇದನ್ನು ನಾನು ಕಲಿತದ್ದು ಇಲ್ಲಿಂದ 25 ಕಿಲೋಮೀಟರ್ ಆಚೆ, ಬೇಲೂರಿನಲ್ಲಿ. 1117ರ ಹೊತ್ತಿಗೆ ಕಟ್ಟಿದ ಚೆನ್ನಕೇಶವ ಗುಡಿಯಲ್ಲಿ ದರ್ಪಣ ಸುಂದರಿ ಕನ್ನಡಿ ನೋಡುತ್ತ ನಿಂತಿದ್ದಾಳಲ್ಲ, ಅವಳ ತಲೆ ನೆಟ್ಟಗಿಲ್ಲ. ಸ್ವಲ್ಪ ವಾಲಿದೆ. ಕಲ್ಲು ಯೋಚನೆ ಮಾಡುತ್ತಿದೆ ಅನ್ನಿಸುವುದು ಆ ವಾಲಿನಿಂದ. ಫೋನಿನಲ್ಲಿ ಫೋಟೊ ತೆಗೆದು ಎಷ್ಟು ಡಿಗ್ರಿ ಅಂತ ನೋಡುವುದು ನನ್ನ ಅಭ್ಯಾಸ. ಹಾಸನ ಜಿಲ್ಲೆಯವರಿಗೆ ಹಳೇಬೀಡೂ ಇದೆ. ಗೊಂಬೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೈ

ಮೈಗೆ ನನ್ನ ಮೆಚ್ಚಿನದು ಅಡಿಕೆ ಹಾಳೆ. ನೀರಲ್ಲಿ ನೆನೆಸಿದರೆ ಬಾಗುತ್ತದೆ, ಒಣಗಿದರೆ ಬಿಗಿ, ತೂಕವೇ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ವಾರ್ನಿಷ್ ಹೊಡೆಯಬೇಕು. ರಟ್ಟು ಮೈದಾನದ ಊರುಗಳಿಗೆ ಸರಿ, ನಮ್ಮ ಜುಲೈ ತಿಂಗಳಲ್ಲಿ ಮೆತ್ತಗಾಗಿ ಕುಸಿಯುತ್ತದೆ. ತ್ರೀಡಿ ಪ್ರಿಂಟ್ ಮಾಡಿಸುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆದುವಾಗುತ್ತದೆ ಅನ್ನುವುದು ನೆನಪಿರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಗೊಂಬೆಯ ತಳಕ್ಕೆ ಕಾಫಿ ಗಿಡದ ಬೊಡ್ಡೆ ಇಟ್ಟರೆ ಮಕ್ಕಳು ತಳ್ಳಿದರೂ ಬೀಳುವುದಿಲ್ಲ.

ತಂತಿ, ಬೆಸುಗೆಯ ಸೀಸ, ಹಳೆಯ ಅಡಾಪ್ಟರ್ ನಮ್ಮೂರಿನ ಟಿವಿ ರಿಪೇರಿ ಅಂಗಡಿಗಳಲ್ಲೇ ಸಿಗುತ್ತವೆ. ಬೋರ್ಡು, ಸೆನ್ಸರ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತರುತ್ತೇನೆ, ಇಲ್ಲವೇ ಅಂಚೆಯಲ್ಲಿ ತರಿಸುತ್ತೇನೆ. ಸರ್ವೊ ಮಾತ್ರ ಯಾವಾಗಲೂ ಎರಡು ಜಾಸ್ತಿ ತನ್ನಿ.

ಈ ಸಲದ ನನ್ನ ಆಯ್ಕೆ

ಈ ನವರಾತ್ರಿಗೆ ನಾನು ಮಾಡುತ್ತಿರುವುದು ಹೂಂಗುಟ್ಟುವ ಗೊಂಬೆ. ಕಥೆ ಹೇಳುವಾಗ ಎದುರು ಕೂತವರು "ಹೂಂ" ಅನ್ನದಿದ್ದರೆ ನಮ್ಮಜ್ಜಿ ಕಥೆ ಮುಂದುವರಿಸುವುದಿಲ್ಲ. ಹಾಗಾಗಿ ಬರೆದುಕೊಂಡ ಸಾಲು ಇದು: "ಕಥೆ ಹೇಳುವವರು ಉಸಿರು ತೆಗೆದುಕೊಳ್ಳಲು ನಿಂತಾಗ, ಅರ್ಧ ಸೆಕೆಂಡಿನೊಳಗೆ ಗೊಂಬೆ ತಲೆ ಆಡಿಸಿ ಹೂಂ ಅನ್ನುತ್ತದೆ."

ಈ ಸಾಲನ್ನು ಮುಂದಿಟ್ಟುಕೊಂಡು ನೋಡಿದೆ. ಕ್ಯಾಮೆರಾ ಬೇಡ. ಭಾಷಾ ಮಾದರಿ ಬೇಡ. ಕಥೆ ಅರ್ಥವಾಗಬೇಕಿಲ್ಲ, ಮಾತು ನಿಂತದ್ದು ಗೊತ್ತಾದರೆ ಸಾಕು. ಇಎಸ್‌ಪಿ32, ಐಎನ್‌ಎಂಪಿ441 ಮೈಕು, ಎಂಪಿ3 ಹಾಡಿಸುವ ಡಿಎಫ್‌ಪ್ಲೇಯರ್ ಮಿನಿ, ಕತ್ತಿಗೆ ಎರಡು ಸರ್ವೊ. ಬುದ್ಧಿಗೆ ಒಂದು ಸಣ್ಣ ಧ್ವನಿ ಮಾದರಿ ಮಾತ್ರ. ಅದು ಮನುಷ್ಯರ ಮಾತಿಗೂ ಹೆಂಚಿನ ಮೇಲೆ ಬೀಳುವ ಮಳೆ ಸದ್ದಿಗೂ ವ್ಯತ್ಯಾಸ ಹೇಳಬೇಕು. ಸದ್ದಿನ ಮಟ್ಟವನ್ನಷ್ಟೇ ನಂಬಿದ್ದಾಗ ಜೋರು ಮಳೆ ಬಂದರೆ ಗೊಂಬೆ ಗೊಂದಲಕ್ಕೆ ಬೀಳುತ್ತಿತ್ತು. ಈಗ ಮಳೆಯನ್ನೇ ಒಂದು ಗುಂಪಾಗಿ ಕಲಿಸಿದ್ದೇನೆ.

ಒಂದೇ "ಹೂಂ" ಪದೇ ಪದೇ ಬಂದರೆ ನಾಲ್ಕನೇ ಸಲಕ್ಕೆ ಬೇಸರವಾಗುತ್ತದೆ. ಅದಕ್ಕೆ ಹನ್ನೊಂದು ಥರದ್ದು ಬೇಕಿತ್ತು. ಆಸೆಯದು, ಅನುಮಾನದ್ದು, ನಿದ್ದೆ ಬಂದದ್ದು, "ಆಮೇಲೆ?" ಅನ್ನುವಂಥದ್ದು. ಹನ್ನೊಂದನ್ನೂ ಅಜ್ಜಿಯ ದನಿಯಲ್ಲೇ ಮೊನ್ನೆ ರೆಕಾರ್ಡ್ ಮಾಡಿಕೊಂಡೆ. ನಿದ್ದೆ ಬಂದ "ಹೂಂ" ಸರಿಯಾಗಿ ಬರಲು ರಾತ್ರಿ ಹತ್ತರವರೆಗೆ ಕಾಯಬೇಕಾಯಿತು.